ಬೇಲಿಯಾಚೆಯ ಗದ್ದಲ

ಕೈತೋಟವುಳ್ಳ ಮನೆಯೊಂದು ದೊರೆತರೆ ಸಂಸಾರಸುಖದ ಅರ್ಧಭಾಗ ಕೈಗೂಡಿತೆಂದು ನಮ್ಮ ನಗರವಾಸಿಗಳು ಭಾವಿಸುವುದುಂಟು. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ, ಪೇಟೆಯ ಇಕ್ಕಟ್ಟಾದ ಬೀದಿಗಳನ್ನು ಬಿಟ್ಟು ಅನೇಕರು ಮಲ್ಲೇಶ್ವರ, ಬಸವನಗುಡಿಗಳಂಥ ಬಡಾವಣೆಗಳಿಗೆ ಬಂದುದು ಗಾಳಿ ಬೆಳಕುಗಳಿಗಾಗಿ. ಮನೆಯ ಸುತ್ತ ತೆರಪಾಯಿತು; ತೆರಪಿನಲ್ಲಿ ತೆಂಗು, ಸಂಪಿಗೆ, ಪಾರಿಜಾತಗಳು ಎದ್ದುವು. ಆದರೆ ಗಾಳಿಯನ್ನು ತರುವ ತೆರಪೇ ನೆರೆಮನೆಯ ಗದ್ದಲವನ್ನೂ ತರುತ್ತದೆ. ಮನೆಯೊಳಗಿರುವವನಿಗೆ ಕದವಿಕ್ಕಿಕೊಳ್ಳುವ ಉಪಾಯವುಂಟು, ತೋಟಕ್ಕೆ ಕದವೆಲ್ಲಿಯದು?

ಸಂಜೆ ಗಿಡಗಳಿಗೆ ನೀರೆರೆದು ಕಲ್ಲುಬೆಂಚಿನ ಮೇಲೆ ಕುಳಿತರೆ, ಆ ವೇಳೆಗೆ ಸರಿಯಾಗಿ ಬೇಲಿಯಾಚೆ ಧ್ವನಿವರ್ಧಕವು ಮೊರೆಯತೊಡಗುವ ಕಷ್ಟವನ್ನು ನಾವೂ ಬಹುದಿನ ಅನುಭವಿಸಿದೆವು. ಇದಕ್ಕೆ ಮಾಡತಕ್ಕದ್ದೇನು ಎಂಬ ವಿಚಾರದಲ್ಲಿ ನಾವು ಕಲಿತುದು ಮೂರು ಭಾಗವಾಗುತ್ತದೆ: ತೋಟದಿಂದ ಆಗುವ ಸಹಾಯ, ಕಾನೂನಿನಿಂದ ಆಗುವ ಸಹಾಯ, ಮಾತಿನಿಂದ ಆಗುವ ಸಹಾಯ.

ಮೊದಲು ತೋಟದ ಮಾತು. ಬೇಲಿಯುದ್ದಕ್ಕೂ ಒಂದು ಸಾಲು ದಾಸವಾಳವನ್ನೋ ಬಿದಿರನ್ನೋ ನೆಟ್ಟರೆ ಸದ್ದು ನಿಂತೀತೆಂಬುದು ಸಾಮಾನ್ಯವಾದ ನಂಬಿಕೆ. ಇದು ನಿಜವಲ್ಲ. ಎಲೆಯೆಲೆಗಳ ನಡುವೆ ಗಾಳಿ ನುಸುಳುವಲ್ಲೆಲ್ಲ ಸದ್ದೂ ನುಸುಳುತ್ತದೆ. ಗಿಡಗಳಿಂದಲೇ ಶಬ್ದವನ್ನು ಗಮನಕ್ಕೆ ಬರುವಷ್ಟು ತಗ್ಗಿಸಬೇಕಾದರೆ ಹತ್ತಾರು ಮೀಟರು ದಪ್ಪದ ದಟ್ಟವಾದ ತೋಪೇ ಬೇಕು. ಊರಿನ ನಿವೇಶನದಲ್ಲಿ ಅದಕ್ಕೆ ಎಡೆಯಿಲ್ಲ. ಸದ್ದನ್ನು ತಡೆಯುವುದು ಸಂದಿಯಿಲ್ಲದ ಗೋಡೆ. ಸದ್ದಿನ ಮೂಲವು ನಮ್ಮ ಕಣ್ಣಿಗೆ ಮರೆಯಾಗುವಷ್ಟು ಎತ್ತರವಿದ್ದರೆ ಅದು ಸುಮಾರು ೫ ಡೆಸಿಬೆಲ್‌ನಷ್ಟು ತಗ್ಗಿಸುತ್ತದೆ. ಎತ್ತರ ಹೆಚ್ಚಿದಂತೆ ಗುಣವೂ ಹೆಚ್ಚುತ್ತದೆ. ಗೋಡೆಯು ಸದ್ದಿನ ಬಳಿಯಲ್ಲಾಗಲಿ ಕೇಳುವವನ ಬಳಿಯಲ್ಲಾಗಲಿ ಇರುವುದು ಮೇಲು. ಇಬ್ಬರಿಗೂ ನಟ್ಟನಡುವೆ ಇದ್ದರೆ ಪ್ರಯೋಜನ ಅತ್ಯಲ್ಪ.

ಖರ್ಚಿಲ್ಲದ ಉಪಾಯವೆಂದರೆ ದೂರ. ಬಯಲಿನಲ್ಲಿ ಒಂದೆಡೆಯಿಂದ ಹೊರಡುವ ಸದ್ದು, ದೂರ ಇಮ್ಮಡಿಯಾದಂತೆಲ್ಲ ೬ ಡೆಸಿಬೆಲ್ ಇಳಿಯುತ್ತದೆ. ೧೦ ಡೆಸಿಬೆಲ್ ಇಳಿದರೆ ನಮ್ಮ ಕಿವಿಗೆ ಸದ್ದು ಸುಮಾರು ಅರ್ಧವಾದಂತೆ ತೋರುತ್ತದೆ. ಬೇಲಿಯ ಮಗ್ಗುಲಲ್ಲಿದ್ದ ಕಲ್ಲುಬೆಂಚನ್ನು ಮನೆಯ ಮರೆಗೆ ಒಯ್ದುದರಿಂದ ನಮಗಾದ ಲಾಭವು ಎರಡು ವರ್ಷ ಬೆಳೆಸಿದ ಹಸುರುಬೇಲಿಯಿಂದ ಆಗಲಿಲ್ಲ. ಇಷ್ಟರಿಂದ ಗಿಡಗಳು ವ್ಯರ್ಥವೆಂದಲ್ಲ. ಬಿದಿರೆಲೆಯ ಮರ್ಮರವೂ ಸಣ್ಣ ತೊಟ್ಟಿಗೆ ಬೀಳುವ ನೀರಿನ ದನಿಯೂ ದೂರದ ಮಾತುಕತೆಯನ್ನು ಮುಸುಕುವುವು. ಆದರೆ ಅಬ್ಬರದ ಧ್ವನಿವರ್ಧಕದ ಮುಂದೆ ಅವುಗಳ ಆಟ ಸಾಗದು.

ಇನ್ನು ಕಾನೂನು. ಭಾರತದಲ್ಲಿ ೨೦೦೦ದಲ್ಲಿ ಜಾರಿಗೆ ಬಂದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ, ವಾಸದ ಪ್ರದೇಶದಲ್ಲಿ ಹಗಲು ೫೫ ಡೆಸಿಬೆಲ್, ರಾತ್ರಿ ೪೫ ಡೆಸಿಬೆಲ್ ಮಿತಿ. ರಾತ್ರಿಯೆಂದರೆ ಹತ್ತು ಗಂಟೆಯಿಂದ ಬೆಳಗಿನ ಆರರವರೆಗೆ. ಖಾಸಗಿ ಧ್ವನಿಸಾಧನದ ಸದ್ದು ಆ ಮನೆಯ ಎಲ್ಲೆಯಲ್ಲಿ ಈ ಮಿತಿಯನ್ನು ೫ ಡೆಸಿಬೆಲ್‌ಗಿಂತ ಹೆಚ್ಚು ಮೀರಕೂಡದು. ಮಿತಿಗಿಂತ ೧೦ ಡೆಸಿಬೆಲ್ ಅಥವಾ ಅದಕ್ಕೂ ಹೆಚ್ಚು ಗದ್ದಲವಾದರೆ, ಇಲ್ಲವೆ ರಾತ್ರಿಯ ನಿರ್ಬಂಧ ಮುರಿದರೆ, ಯಾರು ಬೇಕಾದರೂ ಅಧಿಕಾರಿಗಳಿಗೆ ದೂರು ಕೊಡಬಹುದು. ದಿನ, ಗಂಟೆ, ಸದ್ದಿನ ಬಗೆ ಇವುಗಳನ್ನು ಬರೆದಿಟ್ಟವನ ದೂರಿಗೆ ಬೆಲೆ ಹೆಚ್ಚು.

ಆದರೆ ದೂರು ಕೊಡುವವನ ಕೈ ಶುದ್ಧವಾಗಿರಬೇಕು. ಗದ್ದಲಕ್ಕೆ ಗದ್ದಲವೇ ಮದ್ದೆಂದು ಹೊರಟವನ ಗತಿ ಏನಾಯಿತೆಂಬುದಕ್ಕೆ ೧೮೯೩ರ ಆಂಗ್ಲ ನ್ಯಾಯವರದಿಗಳಲ್ಲಿ ಒಂದು ನಿದರ್ಶನವಿದೆ. ಲಂಡನ್ನಿನ ಬ್ರಿಕ್ಸ್‌ಟನ್ನಿನಲ್ಲಿ ಒಂದೇ ಗೋಡೆಯ ಎರಡು ಮನೆಗಳು. ಒಂದರಲ್ಲಿ ಸಂಗೀತಪಾಠ ನಡೆಯುತ್ತಿತ್ತು. ಅದರಿಂದ ಬೇಸತ್ತ ಪಕ್ಕದ ಮನೆಯಾತ, ಕೆತ್ತನೆಯ ಕೆಲಸದವನು, ಗೋಡೆಯನ್ನು ಗುದ್ದಿ, ತಟ್ಟೆಗಳನ್ನು ಬಡಿದು, ಸಿಳ್ಳುಹಾಕಿ ಸೇಡು ತೀರಿಸಿಕೊಂಡನು. ನ್ಯಾಯಾಲಯವು ತಡೆಯಾಜ್ಞೆ ಕೊಟ್ಟುದು ಸಂಗೀತಕ್ಕಲ್ಲ, ಬಡಿತಕ್ಕೆ. ಅದು ಪೀಡಿಸಬೇಕೆಂಬ ದುರುದ್ದೇಶದಿಂದಲೇ ಹುಟ್ಟಿದುದೆಂಬ ಕಾರಣಕ್ಕೆ.

ಕಡೆಯದು ಮಾತು, ಮೊದಲು ಮಾಡಬೇಕಾದುದೂ ಇದೇ. ನಾವು ಇದನ್ನು ತಡವಾಗಿ ಮಾಡಿದೆವು. ತಿಂಗಳುಗಟ್ಟಲೆ ಬೇಲಿಯನ್ನು ದುರುಗುಟ್ಟಿ ನೋಡಿದ ಮೇಲೆ, ಒಂದು ಭಾನುವಾರ ಬೆಳಗ್ಗೆ, ಸದ್ದಿಲ್ಲದ ಹೊತ್ತು ನೋಡಿ, ಒಂದಿಷ್ಟು ಸಂಪಿಗೆ ಹೂವನ್ನು ತೆಗೆದುಕೊಂಡು ನೆರೆಮನೆಗೆ ಹೋದೆವು. ಮನೆಯ ಯಜಮಾನರು ಕೂರಿಸಿ, ಕಾಫಿ ಕೊಟ್ಟು, ನಮ್ಮ ಅಹವಾಲನ್ನು ಪೂರ್ತಿಯಾಗಿ ಕೇಳಿದರು. ಬಳಿಕ, “ತಾವು ಬಂದುದು ಒಳ್ಳೆಯದಾಯಿತು. ತಮ್ಮ ಬಾವಿಯ ಪಂಪು ಐದು ಗಂಟೆಗೇ ಹೊರಡುತ್ತದೆ. ನಮ್ಮ ತಾಯಿಯವರ ಕೋಣೆ ಅದರ ಮಗ್ಗುಲಿಗೇ ಇದೆ. ಅವರಿಗೆ ನಿದ್ರೆ ಹತ್ತುವುದೇ ಮೂರಕ್ಕೆ. ತರಗೆಲೆ ಸುಟ್ಟ ಹೊಗೆಯೂ ಆ ಕಿಟಕಿಗೇ ಬರುತ್ತದೆ. ಹೇಗೆ ಹೇಳುವುದೆಂದು ಸುಮ್ಮನಿದ್ದೆವು” ಎಂದರು.

ನಮಗೆ ಮಾತು ಹೊರಡಲಿಲ್ಲ. ನಾವು ಕಾನೂನನ್ನು ಓದಿಕೊಂಡು ಹೋಗಿದ್ದೆವು. ಅದರ ಪ್ರಕಾರ ಬೆಳಗಿನ ಐದು ಗಂಟೆ ರಾತ್ರಿಯೇ. ತೋಟದ ಸುಖವೆಂದು ನಾವು ಎಣಿಸಿದ್ದುದರಲ್ಲಿ ಮತ್ತೊಬ್ಬರ ನಿದ್ರೆಯೂ ಸೇರಿತ್ತೆಂಬುದು ನಮಗೆ ತೋರಿರಲಿಲ್ಲ.

ಅಂದಿನಿಂದ ಪಂಪು ಏಳಕ್ಕೆ ಹೊರಡುತ್ತದೆ. ತರಗೆಲೆ ಗುಂಡಿಯಲ್ಲಿ ಗೊಬ್ಬರವಾಗುತ್ತಿದೆ. ಗಿಡಗಳಿಗೆ ಅದು ಬೂದಿಗಿಂತ ಹಿತವೇ. ಆಚೆಯ ಧ್ವನಿವರ್ಧಕವು ಒಳಮುಖವಾಯಿತು. ಹಬ್ಬಹುಣ್ಣಿಮೆಗಳಲ್ಲಿ ಈಗಲೂ ಅಬ್ಬರವುಂಟು. ಆದರೆ ಮುಂಚಿತವಾಗಿ ಒಂದು ಮಾತು ಹೇಳಿಕಳುಹಿಸುತ್ತಾರೆ, ಹೇಳಿ ಮಾಡಿದ ಗದ್ದಲ ಅಷ್ಟಾಗಿ ನೋಯಿಸುವುದಿಲ್ಲ.

ಎಲ್ಲ ನೆರೆಯವರೂ ಹೀಗೆ ಕೇಳುವರೆಂದು ನಾವು ಹೇಳಲಾರೆವು. ಕೇಳದವರಿಗಾಗಿ ಗೋಡೆಯುಂಟು, ದಿನಚರಿಯುಂಟು, ದೂರುಂಟು. ಆದರೆ ೧೯೩೫ರಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿಯನ್ನು ಆರಂಭಿಸಿದುದು ಕೇಳಲು ಬಯಸಿದವರಿಗಾಗಿ. ಬೇಲಿ ದಾಟುವ ಸದ್ದಿಗೆ ಆ ನಿಯಮವಿಲ್ಲ. ಆದುದರಿಂದ ದೂರು ಬರೆಯುವ ಮುನ್ನ ಒಮ್ಮೆ ಬೇಲಿಯ ಆಚೆಯ ಬದಿಯಲ್ಲಿ ನಿಂತು ನಮ್ಮ ಮನೆಯ ಸದ್ದನ್ನು ಕೇಳಿ ಬರುವುದು ಲೇಸು.