ಹಳೆಯ ನೀರಿನ ಕೆಂಪು ಸಂಸಾರ

ನಳಕ್ಕೆ ನೀರು ಬರುವ ದಿನವೆಂದರೆ ಹುಬ್ಬಳ್ಳಿ-ಧಾರವಾಡದ ಅನೇಕ ಮನೆಗಳಲ್ಲಿ ಅದು ಪಂಚಾಂಗದಲ್ಲಿಲ್ಲದ ಒಂದು ಹಬ್ಬ. ಮಲಪ್ರಭೆಯ ಜಲವು ಸವದತ್ತಿಯ ಸಮೀಪದ ನವಿಲುತೀರ್ಥದ ಕಟ್ಟೆಗೆ ಸಿಕ್ಕಿ, ಅಮ್ಮಿನಭಾವಿಯಲ್ಲಿ ಶುದ್ಧಿಗೊಂಡು, ಕೊಳವೆಗಳೊಳಗೆ ಮೈಲುಗಟ್ಟಲೆ ಹರಿದು, ಓಣಿಯ ನಳದ ಬಾಯಿಂದ ಮೊದಲು ಬರಿಯ ಗಾಳಿಯಾಗಿಯೂ ಆಮೇಲೆ ನೀರಾಗಿಯೂ ಹೊರಬೀಳುವ ಆ ಮುಹೂರ್ತಕ್ಕಾಗಿ ಹಂಡೆ, ಕೊಡ, ಬಕೆಟ್ಟು, ಬ್ಯಾರಲ್ಲುಗಳೆಲ್ಲ ಬೆಳಗ್ಗೆಯೇ ತಿಕ್ಕಿಸಿಕೊಂಡು ಬಾಯ್ದೆರೆದು ಕುಳಿತಿರುತ್ತವೆ; ಕಳೆದ ಸರದಿಯ ನೀರು ಉಳಿದಿದ್ದರೆ ಅದನ್ನು ದಾಸವಾಳದ ಬುಡಕ್ಕೋ ಅಂಗಳಕ್ಕೋ ಚೆಲ್ಲಿಬಿಡತಕ್ಕದ್ದೆಂಬುದು ಗೃಹಿಣಿಯರ ಅಲಿಖಿತ ಶಾಸನ. 2008ರಲ್ಲಿ ಕೆಲವು ಬಡಾವಣೆಗಳಿಗೆ ಹಗಲಿರುಳೂ ನೀರು ಹರಿಯತೊಡಗಿದ ಮೇಲೂ ಉಳಿದ ಊರಿಗೆ ಈ ವ್ರತ ತಪ್ಪಲಿಲ್ಲ. ಹೊಸ ನೀರೇ ಒಳ್ಳೆಯದು, ಹಳೆಯದು ಕೆಟ್ಟದ್ದು ಎಂಬ ನಂಬಿಕೆಯಲ್ಲಿಯೇ ಬೆಳೆದ ನನಗೆ ಅದಕ್ಕೆ ತೀರ ವಿರುದ್ಧವಾದ ಪಾಠವನ್ನು ಕಲಿಸಿದ ಜೀವಿಯೊಂದುಂಟು. ಅದು ಒಂದಂಗುಲ ಉದ್ದದ, ಕುಂಕುಮವರ್ಣದ, ಸಿಹಿನೀರಿನ ಸಿಗಡಿ.

ಸಿಗಡಿಯೆಂದೊಡನೆ ನಮ್ಮ ಭಾಗದ ಓದುಗರಲ್ಲಿ ಕೆಲವರಿಗೆ ಕಾರವಾರ, ಅಂಕೋಲೆಗಳ ಕಡೆಯಿಂದ ಘಟ್ಟ ಹತ್ತಿ ಬರುವ ಒಣಸಿಗಡಿಯ ನೆನಪಾಗಿ ಬಾಯಲ್ಲಿ ನೀರೂರಬಹುದು; ಮತ್ತೆ ಕೆಲವರು ಮೂಗು ಮುಚ್ಚಿಕೊಳ್ಳಬಹುದು. ಇಬ್ಬರಿಗೂ ಅಭಯವಿರಲಿ, ಇದು ಒಲೆಗೆ ಸಂಬಂಧಿಸಿದ ಮಾತಲ್ಲ. ಬಣ್ಣದ ಮೀನು ಮಾರುವ ಅಂಗಡಿಯವರು ‘ಚೆರಿ ಶ್ರಿಂಪ್’ ಎಂದು ಕರೆಯುವ ಈ ಪ್ರಾಣಿಗೆ ಶಾಸ್ತ್ರಜ್ಞರು ಕೊಟ್ಟಿರುವ ಹೆಸರು ನಿಯೋಕ್ಯಾರಿಡಿನಾ ಡೇವಿಡಿ. ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಬೂವಿಯೆ 1904ರಲ್ಲಿ ಈ ಜಾತಿಯನ್ನು ವರ್ಣಿಸಿದನು. ಚೀನಾ, ತೈವಾನ್ ಮೊದಲಾದ ಪೂರ್ವ ಏಷ್ಯದ ನಾಡುಗಳ ಹಳ್ಳಕೊಳ್ಳಗಳು ಇದರ ತವರು. ಅಲ್ಲಿ ಇದರ ಮೈ ಕೆಂಪಾಗಿರದೆ, ಕೆಸರಿನಲ್ಲಿ ಕಣ್ಣಿಗೆ ಬೀಳದಂತೆ ಮಾಸಲು ಕಂದಾಗಿರುವುದು. ಇದರ ದಾಯಾದಿಗಳು ನಮ್ಮಲ್ಲಿಯೂ ಇಲ್ಲದಿಲ್ಲ. ಪಶ್ಚಿಮಘಟ್ಟದ ತೊರೆಗಳಲ್ಲಿ ಕ್ಯಾರಿಡಿನಾ ಕುಲದ ಸಿಗಡಿಗಳುಂಟು; ಅದೇ ಬೂವಿಯೆ 1918ರಲ್ಲಿ ಹೆಸರಿಸಿದ ಭಾರತದ ಕ್ಯಾರಿಡಿನಾ ಬಬೋಲ್ಟಿಯಂತೂ ತನ್ನ ಹಸಿರು ಬಣ್ಣದ ದೆಸೆಯಿಂದ ಪರದೇಶದವರ ಗಾಜಿನ ತೊಟ್ಟಿಗಳನ್ನು ಸೇರಿಬಿಟ್ಟಿದೆ.

ಮೊದಲ ಸಲ ಹತ್ತು ಸಿಗಡಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದುಕೊಂಡು ಮನೆಗೆ ಬಂದಾಗ, ಕಟ್ಟೆಯ ಮೇಲೆ ಕುಳಿತಿದ್ದ ನೆರೆಮನೆಯ ವೃದ್ಧೆ ಚೀಲವನ್ನು ಬಿಸಿಲಿಗೆ ಹಿಡಿದು ನೋಡಿ, “ಇಷ್ಟ್ ಸಣ್ಣ ಹುಳಾ ಸಾಕಿ ಏನ್ ಮಾಡಾಂವೋ ತಮ್ಮಾ?” ಎಂದು ಕೇಳಿದರು. “ಏನಿಲ್ಲ ಆಯಿ, ನೋಡ್ಕೋತ ಕೂಡಾಂವ” ಎಂದೆ. “ಹಂಗಾರ ಛಲೋ ಆತ ಬಿಡು, ನಿನಗೂ ಒಂದು ಕೆಲಸಾ ಸಿಕ್ಕಂಗಾತು” ಎಂದರು. ಈ ಹವ್ಯಾಸಕ್ಕೆ ಇದಕ್ಕಿಂತ ನಿಖರವಾದ ವ್ಯಾಖ್ಯಾನವನ್ನು ನಾನು ಇನ್ನೆಲ್ಲಿಯೂ ಕೇಳಿಲ್ಲ.

ತೊಟ್ಟಿಯ ವಿಷಯದಲ್ಲಿ ಹೇಳಬೇಕಾದದ್ದು ಹೆಚ್ಚಿಲ್ಲ. 2 ಅಡಿ ಉದ್ದ, ಒಂದೊಂದು ಅಡಿ ಅಗಲ-ಎತ್ತರದ ಗಾಜಿನ ತೊಟ್ಟಿ, ಅದರಲ್ಲಿ ಸುಮಾರು 50 ಲೀಟರು ನೀರು. ತಳಕ್ಕೆ ಸಣ್ಣ ಹರಳು, ಜಾವಾ ಮಾಸ್ ಎಂಬ ಹಾವಸೆ ಒಂದು ಹಿಡಿ, ಮರಿಗಳನ್ನು ಎಳೆದುಕೊಳ್ಳದಂಥ ಸ್ಪಂಜಿನ ಫಿಲ್ಟರು, ಅದಕ್ಕೊಂದು ಗಾಳಿಯ ಪಂಪು. ಇದೆಲ್ಲ ಒಂದು ಸಂಜೆಯ ಕೆಲಸ. ಕಠಿಣವಾದದ್ದು ಆಮೇಲಿನದು, ಒಂದು ಸಿಗಡಿಯನ್ನೂ ಬಿಡದೆ, ಚಿಟಿಕೆ ಆಹಾರವನ್ನು ಮಾತ್ರ ಉದುರಿಸುತ್ತ, 4ರಿಂದ 6 ವಾರ ಬರಿಯ ನೀರನ್ನೇ ನೋಡಿಕೊಂಡು ಕಾಯಬೇಕು. ಕೊಳೆತ ಪದಾರ್ಥದಿಂದ ಹುಟ್ಟುವ ಅಮೋನಿಯಾವು ಈ ಜೀವಿಗಳಿಗೆ ವಿಷ; ಅದನ್ನು ಒಂದು ಬಗೆಯ ಸೂಕ್ಷ್ಮಾಣುಗಳು ನೈಟ್ರೈಟ್ ಆಗಿಯೂ, ತಾನೂ ವಿಷವೇ ಆದ ಆ ನೈಟ್ರೈಟನ್ನು ಇನ್ನೊಂದು ಬಗೆಯವು ಅಷ್ಟೇನೂ ಹಾನಿಯಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುವುವು; ಆ ಸೂಕ್ಷ್ಮಾಣುಗಳು ಸ್ಪಂಜಿನಲ್ಲಿ, ಹರಳಿನಲ್ಲಿ, ಗಾಜಿನ ಮೈಯಲ್ಲಿ ಬೀಡುಬಿಟ್ಟು ಸಂತಾನ ಬೆಳೆಸುವುದಕ್ಕೇ ಅಷ್ಟು ಕಾಲ ಹಿಡಿಯುವುದು. ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಮಣ್ಣಿನಿಂದ ಬೇರ್ಪಡಿಸಿ ತೋರಿಸಿದ ಈ ಸೂಕ್ಷ್ಮಾಣುಗಳ ಕ್ರಿಯೆಯೇ ನಮ್ಮ ಎರೆಹೊಲಗಳಲ್ಲಿಯೂ ನಡೆಯುತ್ತಿರುವುದಷ್ಟೆ. ನಳದ ನೀರಿನಲ್ಲಿರುವ ಕ್ಲೋರಿನ್ ಕೂಡ, ಬಾಯ್ದೆರೆದ ಪಾತ್ರೆಯಲ್ಲಿ ನೀರು ಒಂದೆರಡು ದಿನ ನಿಂತರೆ ತಾನಾಗಿಯೇ ಹಾರಿಹೋಗುವುದು. ಆದುದರಿಂದ ಸಿಗಡಿ ಸಾಕುವವನು ಮೊದಲು ಸಾಕಬೇಕಾದದ್ದು ನೀರನ್ನು. ಬ್ಯಾರಲ್ಲಿನಲ್ಲಿ ವಾರಗಟ್ಟಲೆ ನೀರು ಕೂಡಿಟ್ಟು ಬದುಕುವ ಅಭ್ಯಾಸವುಳ್ಳ ಅವಳಿನಗರದವನು ಈ ವಿದ್ಯೆಯಲ್ಲಿ ಅರ್ಧದಷ್ಟನ್ನು ತಾಯಿಯ ಮನೆಯಲ್ಲಿಯೇ ಕಲಿತಿರುವನು.

ಉಳಿದರ್ಧದಲ್ಲಿ ನಾನು ಎಡವಿದೆನು. ಒಂದು ಬೇಸಗೆಯಲ್ಲಿ ಬ್ಯಾರಲ್ಲು ಬರಿದಾಗಿತ್ತು. ಬಚ್ಚಲಮನೆಯ ಅಜ್ಜಿಯ ಕಾಲದ ತಾಮ್ರದ ಹಂಡೆಯಲ್ಲಿ ನಾಲ್ಕು ದಿನದ ನೀರು ಸ್ಫಟಿಕದಂತೆ ನಿಂತಿತ್ತು. ತಾಮ್ರದ ಪಾತ್ರೆಯ ನೀರು ಪಥ್ಯವೆಂಬ ಮಾತನ್ನು ಬಾಲ್ಯದಿಂದ ಕೇಳಿದವನಾದುದರಿಂದ ಎರಡು ತಂಬಿಗೆ ಎತ್ತಿ ತೊಟ್ಟಿಗೆ ಹಾಕಿದೆ. ಮರುದಿನ ಬೆಳಗ್ಗೆ ಹದಿಮೂರು ಸಿಗಡಿಗಳು ತಳದಲ್ಲಿ ಮಗ್ಗುಲಾಗಿ ಬಿದ್ದಿದ್ದುವು. ಸಿಗಡಿಯ ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಹೀಮೋಸಯನಿನ್ ಎಂಬ ವಸ್ತುವಿನ ಆಧಾರವೇ ತಾಮ್ರ. ನಮ್ಮ ರಕ್ತಕ್ಕೆ ಕಬ್ಬಿಣ ಹೇಗೋ ಅದರ ರಕ್ತಕ್ಕೆ ತಾಮ್ರ ಹಾಗೆ. ಆದರೂ ನೀರಿನಲ್ಲಿ ಕರಗಿದ ತಾಮ್ರವು ಲೇಶಮಾತ್ರ ಹೆಚ್ಚಿದರೆ ಅದೇ ಮೃತ್ಯು. ಮೀನಿನ ರೋಗಕ್ಕೆ ಹಾಕುವ ಎಷ್ಟೋ ಔಷಧಗಳಲ್ಲಿ ತಾಮ್ರವಿರುವುದರಿಂದ ಅವನ್ನೂ ದೂರವಿಡಬೇಕು.

ಬದುಕಿ ಉಳಿದವು ಕೊಡುವ ಸಂತೋಷಕ್ಕೆ ಬರುತ್ತೇನೆ. ಸಿಗಡಿಯು ಬೆಳೆಯಬೇಕಾದರೆ ತನ್ನ ಕವಚವನ್ನು ಕಳಚಲೇಬೇಕು. ಕತ್ತು ಮತ್ತು ಹೊಟ್ಟೆಗಳ ಸಂಧಿಯಲ್ಲಿ ಹಳೆಯ ಚಿಪ್ಪು ಸೀಳುವುದು. ಒಂದು ಕ್ಷಣ ಮೈ ಬಾಗಿಸಿ, ಹಿಂದಕ್ಕೆ ಚಿಮ್ಮಿ, ಮೀಸೆಯ ಎಳೆಗಳನ್ನೂ ಬಿಡದೆ ಸಮಸ್ತ ಉಡುಪನ್ನೂ ಬಿಟ್ಟು ಹೊರಬರುವುದು. ಆ ಪಾರದರ್ಶಕ ಕವಚ ಮಾಸ್ ಮೇಲೆ ನಿಂತಿರುವುದನ್ನು ಕಂಡು ಹೊಸಬರು ಸಿಗಡಿ ಸತ್ತಿತೆಂದು ಮರುಗುವುದುಂಟು. ಅದನ್ನು ತೆಗೆಯಬಾರದು, ಅದರ ಸುಣ್ಣದಂಶವನ್ನು ಸಿಗಡಿಗಳೇ ತಿಂದು ಮುಗಿಸುವುವು. ನೀರಿನ ಲವಣಾಂಶ ತಪ್ಪಿದರೆ ಮಾತ್ರ ಚಿಪ್ಪು ಸರಿಯಾಗಿ ಸೀಳದೆ ಕತ್ತಿನ ಸುತ್ತ ಬಿಳಿಯ ಬಳೆಯೊಂದು ಕಾಣುವುದು, ಆ ಬಳೆ ಕಂಡ ಸಿಗಡಿ ಬದುಕುವುದು ಅಪರೂಪ.

ಪ್ರಾಯಕ್ಕೆ ಬಂದ ಹೆಣ್ಣಿನ ಬೆನ್ನ ಮೇಲೆ, ಕುದುರೆಗೆ ಜೀನು ಹಾಕಿದಂತೆ, ಒಂದು ಹಳದಿ ಪಟ್ಟಿ ತೋರುವುದು. ಅದು ಒಳಗೆ ಬಲಿಯುತ್ತಿರುವ ಅಂಡಗಳ ರಾಶಿ. ಅವಳು ಕವಚ ಕಳಚಿದ ರಾತ್ರಿ ನೀರಿನಲ್ಲಿ ಏನೋ ಗಂಧ ಹರಡುವುದು ಕಾಣುತ್ತದೆ, ಅಲ್ಲಿಯವರೆಗೆ ಸಭ್ಯರಾಗಿ ಪಾಚಿ ಮೇಯುತ್ತಿದ್ದ ಗಂಡುಗಳೆಲ್ಲ ಹುಚ್ಚೆದ್ದು ತೊಟ್ಟಿಯ ಉದ್ದಗಲವನ್ನು ಅಳೆಯತೊಡಗುವುವು. ಮರುದಿನ ನೋಡಿದರೆ ಅವಳ ಹೊಟ್ಟೆಯ ಕೆಳಗೆ ಸಾಸಿವೆಕಾಳಿನಂಥ 20-30 ತತ್ತಿಗಳು. ಮೂರು ನಾಲ್ಕು ವಾರ ಅವನ್ನು ಹೊತ್ತುಕೊಂಡೇ ತಿರುಗುವಳು. ಈಜುಗಾಲುಗಳಿಂದ ಬೀಸಣಿಗೆ ಬೀಸಿದಂತೆ ಬಿಡುವಿಲ್ಲದೆ ಅವುಗಳಿಗೆ ಹೊಸ ನೀರನ್ನು ಆಡಿಸುವಳು. ಕೊನೆಯ ದಿನಗಳಲ್ಲಿ ಭೂತಗನ್ನಡಿ ಹಿಡಿದು ನೋಡಿದರೆ ಒಂದೊಂದು ತತ್ತಿಯೊಳಗಿಂದಲೂ ಎರಡು ಕಪ್ಪು ಚುಕ್ಕೆಗಳು ನಮ್ಮನ್ನೇ ನೋಡುವುವು, ಅವು ಕಣ್ಣುಗಳು. ಹೊರಬಂದ ಮರಿ ಎರಡು ಮಿಲಿಮೀಟರು ಉದ್ದ, ಮೈ ಗಾಜು, ಆದರೆ ಮೀಸೆಯಿಂದ ಬಾಲದವರೆಗೆ ಎಲ್ಲವೂ ತಾಯಿಯ ಪಡಿಯಚ್ಚು.

ಎಲ್ಲ ಸಿಗಡಿಗಳಿಗೂ ಈ ಸೌಲಭ್ಯವಿಲ್ಲ. ಜಪಾನಿನ ಛಾಯಾಗ್ರಾಹಕ ತಕಾಶಿ ಅಮಾನೊ ತನ್ನ ಜಲೋದ್ಯಾನಗಳ ಪಾಚಿ ತಿನ್ನಿಸಲು ಬಳಸಿ ಲೋಕಪ್ರಸಿದ್ಧಗೊಳಿಸಿದ ಸಿಗಡಿಯ ಮರಿಗಳು ಹುಟ್ಟಿದೊಡನೆ ಹೊಳೆಯಲ್ಲಿ ತೇಲಿ ಕಡಲಿನ ಉಪ್ಪುನೀರನ್ನು ಸೇರಬೇಕು, ಬೆಳೆದು ಮತ್ತೆ ಸಿಹಿನೀರಿಗೆ ಏರಿ ಬರಬೇಕು. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯಾಗಿ, ಗಂಗಾವಳಿಯಾಗಿ ಸಮುದ್ರ ಮುಟ್ಟುವಳಾದರೂ ನನ್ನ ತೊಟ್ಟಿಗೆ ಅಂಥ ದಾರಿಯಿಲ್ಲ. ಆದುದರಿಂದ ಮನೆಯಲ್ಲಿ ಸಂಸಾರ ಬೆಳೆಸಬೇಕೆಂಬವರಿಗೆ ಚೆರಿಯೇ ತಕ್ಕದ್ದು. ನಮ್ಮ ಹವೆಯೂ ಅದಕ್ಕೆ ಹಿತ. 1990ರ ದಶಕದಲ್ಲಿ ಜಪಾನಿನ ಹಿಸಯಾಸು ಸುಝುಕಿ ಎಂಬವನು ಬೆಳೆಸಿದ, ಕೆಂಪು-ಬಿಳಿ ಪಟ್ಟೆಗಳ ‘ಕ್ರಿಸ್ಟಲ್ ರೆಡ್’ ತಳಿ ಎಷ್ಟು ಸುಂದರವೋ ಅಷ್ಟೇ ಕೋಮಲ. ಮೃದುವಾದ ತಂಪು ನೀರನ್ನು ಕೇಳುವ ಅದು ಹುಬ್ಬಳ್ಳಿಯ ಏಪ್ರಿಲ್ ತಿಂಗಳನ್ನು ಸಹಿಸಲಾರದು.

ಬಣ್ಣ ಉಳಿಸುವುದೂ ಒಂದು ಕೃಷಿಯೇ. ಕೆಂಪು, ಹಳದಿ, ನೀಲಿಗಳನ್ನು ಚೆಂದವೆಂದು ಒಂದೇ ತೊಟ್ಟಿಗೆ ಬಿಟ್ಟರೆ ಮೂರು ನಾಲ್ಕು ತಲೆಮಾರಿನೊಳಗೆ ಮೊಮ್ಮಕ್ಕಳು ಮೂಲದ ಕೆಸರುಗಂದಿಗೆ ಮರಳುವರು. ಮಂಕಾದವನ್ನು ಆಗಾಗ ಆರಿಸಿ ಬೇರೆ ತೊಟ್ಟಿಗೆ ಹಾಕುತ್ತಿರಬೇಕು. 1972ರಲ್ಲಿ ವರಲಕ್ಷ್ಮಿ ಹತ್ತಿಯ ಸಂಕರ ತಳಿಯನ್ನು ಹೊರತಂದ ಧಾರವಾಡದಲ್ಲಿ ಬೀಜದ ಶುದ್ಧಿಯ ಮಹತ್ವವನ್ನು ವಿಸ್ತರಿಸಿ ಹೇಳಬೇಕಾದದ್ದಿಲ್ಲ.

ಊಟದ ಖರ್ಚು ನಗಣ್ಯ. ಶಾಲೆಯ ಬಯಲಿನಲ್ಲಿ ಉದುರಿದ ಕಾಡುಬದಾಮಿ ಗಿಡದ ಒಣ ಎಲೆಯೊಂದನ್ನು ಹಾಕಿದರೆ ವಾರಗಟ್ಟಲೆ ಮೇಯುವುವು. ರೇಷ್ಮೆಹುಳುವಿನ ಹಿಪ್ಪುನೇರಳೆ ಎಲೆಯಾದರೆ ಇನ್ನೂ ಪ್ರೀತಿ. ಭಯಪಡಬೇಕಾದದ್ದು ಸೊಳ್ಳೆಯ ಔಷಧಕ್ಕೆ. ಕೀಟವನ್ನು ಕೊಲ್ಲುವುದು ಸಿಗಡಿಯನ್ನೂ ಕೊಲ್ಲುವುದರಿಂದ, ಓಣಿಯಲ್ಲಿ ಹೊಗೆಯ ಯಂತ್ರದ ಸದ್ದು ಕೇಳಿದೊಡನೆ ತೊಟ್ಟಿಯನ್ನು ಮುಚ್ಚಿ, ಆ ಗಾಳಿಯನ್ನೇ ನೀರಿಗೆ ತುಂಬುವ ಪಂಪನ್ನು ನಿಲ್ಲಿಸಿಬಿಡಬೇಕು. ಇನ್ನೊಂದು: ಮರಿಗಳು ಹೆಚ್ಚಾದುವೆಂದು ಉಣಕಲ್ ಕೆರೆಗೋ ಕೆಲಗೇರಿಗೋ ಬಿಡುವ ಔದಾರ್ಯ ಬೇಡ. ಜರ್ಮನಿಯ ಬೆಚ್ಚನೆಯ ಹಳ್ಳವೊಂದರಲ್ಲಿ ಹಾಗೆ ಬಿಟ್ಟವುಗಳ ಸಂತತಿ ನೆಲಸಿಬಿಟ್ಟಿದೆ. ಚೆಲುವಿಗಾಗಿ ದಕ್ಷಿಣ ಅಮೆರಿಕದಿಂದ ತಂದ ಅಂತರಗಂಗೆ ನಮ್ಮ ಕೆರೆಗಳನ್ನು ಏನು ಮಾಡಿತೆಂಬುದನ್ನು ನಾವೇ ಕಂಡಿದ್ದೇವೆ.

ನಿನ್ನೆ ನಮ್ಮ ಓಣಿಯಲ್ಲಿ ನೀರಿನ ದಿನ. ಮನೆಯಲ್ಲಿ ತಿಕ್ಕುವ ಸಡಗರದ ನಡುವೆ ಹಿತ್ತಲ ಮೂಲೆಯ ನೀಲಿ ಬ್ಯಾರಲ್ಲಿನತ್ತ ಕೆಲಸದಾಕೆ ಕೈಚಾಚಿದಳು. ನನ್ನ ಹೆಂಡತಿ ಒಳಗಿನಿಂದಲೇ ಕೂಗಿದಳು: “ಅದನ್ನ ಚೆಲ್ಲಬ್ಯಾಡವಾ, ಅದು ಸಿಗಡೀದು.”