ಗ್ರಿಮ್ ಕಣ್ಣಿಗೆ ಕಂಡದ್ದೆಲ್ಲ ಸಾಕ್ಷ್ಯ ಆಗುತ್ತಾ?

ಒಬ್ಬ ಪೊಲೀಸ್ ಅಧಿಕಾರಿಗೆ ಇದ್ದಕ್ಕಿದ್ದಂತೆ ಹೊಸ ದೃಷ್ಟಿ ಬಂತು ಅಂದ್ಕೊಳ್ಳಿ. ಬೀದಿಯಲ್ಲಿ ಹೋಗುವ ಕೆಲವರ ಮುಖದ ಹಿಂದೆ ಅವನಿಗೆ ಇನ್ನೊಂದು ಮುಖ ಕಾಣುತ್ತೆ. ಒಬ್ಬನದು ತೋಳದ ಮುಖ, ಒಬ್ಬಳದು ನರಿಯ ಮುಖ. ಪಕ್ಕದಲ್ಲೇ ನಿಂತ ಸಹೋದ್ಯೋಗಿಗೆ ಅದ್ಯಾವುದೂ ಕಾಣಲ್ಲ. ಇಂಥ ಹೊತ್ತಲ್ಲಿ ಊರಿನ ಒಬ್ಬ ಪುಟ್ಟ ಹುಡುಗಿ ಕಾಣೆಯಾಗುತ್ತಾಳೆ. ಅವನು ಮೊದಲು ಯಾರ ಕೊರಳಪಟ್ಟಿ ಹಿಡೀತಾನೆ? ತೋಳದ ಮುಖದವನದು ತಾನೇ?

'ಗ್ರಿಮ್' ಸರಣಿಯ ಮೊದಲ ಕಂತಿನಲ್ಲಿ ಆಗೋದು ಇದೇ. ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 2011ರ ಅಕ್ಟೋಬರ್‌ನಿಂದ 2017ರ ಮಾರ್ಚ್‌ವರೆಗೆ ಆರು ಸೀಸನ್, 123 ಕಂತು ನಡೆದ ಈ ಸರಣಿ ಪತ್ತೇದಾರಿ ಕತೆಗೆ ಅಜ್ಜಿಕತೆಯನ್ನು ಕಸಿ ಕಟ್ಟಿದ್ದು. ಮುಗಿದು ಇಷ್ಟು ವರ್ಷ ಆದರೂ ಅಭಿಮಾನಿಗಳ ಜಗಳ ಮುಗಿದಿಲ್ಲ. ನಾನೂ ಆ ಜಗಳದಲ್ಲಿ ಒಬ್ಬ. ಎರಡನೇ ಸಲ ಪೂರ್ತಿ ನೋಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ನಾವು ಜಗಳ ಆಡ್ತಾ ಇರೋದು ಗುಪ್ತ ಜೀವಿಗಳ ಬಗ್ಗೆ ಅಲ್ಲ, ಪೊಲೀಸರ ಬಗ್ಗೆ. ಯಾಕೆ ಅಂತ ಹೇಳ್ತೀನಿ. ಮುಂದೆ ಕತೆಯ ಗುಟ್ಟುಗಳು ಬಯಲಾಗುತ್ತವೆ, ಇನ್ನೂ ನೋಡದವರು ಗಮನಿಸಿ.

ಮೊದಲು ಸರಣಿಯ ಲೋಕ

ಕತೆ ನಡೆಯೋದು ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ. ನಿಕ್ ಬರ್ಕ್‌ಹಾರ್ಟ್ ಅಲ್ಲಿ ಕೊಲೆ ಪ್ರಕರಣಗಳ ಪತ್ತೇದಾರ. ಅವನ ವಂಶದಲ್ಲಿ ಕೆಲವರು 'ಗ್ರಿಮ್'ಗಳು, ಅಂದರೆ ಮನುಷ್ಯರ ನಡುವೆ ಮನುಷ್ಯರಂತೆಯೇ ಬದುಕುವ 'ವೆಸೆನ್' ಎಂಬ ಜೀವಿಗಳನ್ನು ಗುರುತಿಸಬಲ್ಲವರು. ವೆಸೆನ್ ಜರ್ಮನ್ ಪದ, ಜೀವಿ ಅಥವಾ ಇರವು ಎಂದು ಅರ್ಥ. ಸಿಟ್ಟು, ಭಯ, ಆಸೆ ಉಕ್ಕಿದಾಗ ಅವರ ಮುಖ ಒಂದು ಕ್ಷಣ ಬದಲಾಗುತ್ತೆ. ಅದಕ್ಕೆ 'ವೋಗ' ಅಂತಾರೆ. ಆ ಕ್ಷಣ ಸಾಮಾನ್ಯರ ಕಣ್ಣಿಗೆ ಬೀಳಲ್ಲ, ಗ್ರಿಮ್ ಕಣ್ಣಿಗೆ ಬೀಳುತ್ತೆ. ತೋಳದ ಕುಲದವರು ಬ್ಲುಟ್‌ಬಾಡ್, ನರಿಯ ಕುಲದವರು ಫುಕ್ಸ್‌ಬೌ, ಬೀವರ್ ಕುಲದವರು ಐಸ್‌ಬೀಬರ್.

ಈಗ ಮೊದಲ ಕಂತಿಗೆ ಬನ್ನಿ. ಕೆಂಪು ಹುಡ್ ತೊಟ್ಟು ಓಡಲು ಹೋದ ಯುವತಿಯೊಬ್ಬಳ ಕೊಲೆಯಾಗಿದೆ, ಕೆಂಪು ಹುಡ್ ತೊಟ್ಟ ಶಾಲಾ ಬಾಲಕಿಯೊಬ್ಬಳು ಕಾಣೆಯಾಗಿದ್ದಾಳೆ. ಮನ್ರೋ ಎಂಬಾತನ ಮುಖ ತೋಳದಂತೆ ಮಾರ್ಪಡೋದನ್ನು ನಿಕ್ ನೋಡ್ತಾನೆ. ಹಾರಿ ಅವನ ಮೇಲೆ ಬೀಳ್ತಾನೆ. ಪೊಲೀಸರು ಮನ್ರೋನ ಮನೆಯಿಡೀ ಜಾಲಾಡ್ತಾರೆ. ಏನೂ ಸಿಗಲ್ಲ. ಸಿಗೋದಾದರೂ ಹೇಗೆ? ಮನ್ರೋ ಗಡಿಯಾರ ರಿಪೇರಿ ಮಾಡಿ, ಚೆಲ್ಲೋ ನುಡಿಸಿಕೊಂಡು, ಮಾಂಸ ಬಿಟ್ಟು ಬದುಕುವ ಸಾಧು ಮನುಷ್ಯ. ನಿಮ್ಮವರು ಇನ್ನೂರು ವರ್ಷದಿಂದ ನಮ್ಮನ್ನು ಹೀಗೇ ಪ್ರೊಫೈಲ್ ಮಾಡ್ತಾ ಬಂದಿದ್ದೀರಿ ಅನ್ನೋ ಅರ್ಥದ ಮಾತನ್ನು ಅವನು ನಿಕ್‌ಗೆ ಹೇಳಿಯೇಬಿಡ್ತಾನೆ. ಸರಣಿಯ ಮೊದಲ ಕಂತಿನಲ್ಲೇ!

ನಿಜವಾದ ಅಪರಾಧಿ ಒಬ್ಬ ಅಂಚೆಯವ. ಅವನೂ ಬ್ಲುಟ್‌ಬಾಡ್ ಹೌದು. ವಾಸನೆ ಹಿಡಿದು ಅವನ ಮನೆಯ ತನಕ ದಾರಿ ತೋರಿಸೋದು ಮನ್ರೋನೇ. ನಿಕ್ ಮತ್ತು ಅವನ ಜೊತೆಗಾರ ಹ್ಯಾಂಕ್ ಗ್ರಿಫಿನ್ ಹೋಗಿ ವಿಚಾರಿಸಿದರೆ ಆಸಾಮಿ ಬಲು ಸಭ್ಯ. ಇಬ್ಬರೂ ವಾಪಸ್ ಹೊರಟಿದ್ದಾರೆ. ಆಗ ಹ್ಯಾಂಕ್‌ಗೆ ಹೊಳೆಯುತ್ತೆ: ಅವನು ಗುನುಗ್ತಾ ಇದ್ದ ಹಾಡು, ಸತ್ತ ಯುವತಿಯ ಐಪಾಡ್‌ನಲ್ಲಿದ್ದ ಅದೇ ಹಾಡು.

ಇದನ್ನು ನಾನು ಮೊದಲ ಸಲ ನೋಡಿದಾಗ ಗಮನಿಸಿರಲಿಲ್ಲ. ವಿಶೇಷ ಕಣ್ಣಿದ್ದವನು ಹಿಡಿದದ್ದು ನಿರಪರಾಧಿಯನ್ನು. ಯಾವ ವಿಶೇಷ ಶಕ್ತಿಯೂ ಇಲ್ಲದ ಹ್ಯಾಂಕ್, ಬರೀ ಕಿವಿ ನೆಟ್ಟಗಿಟ್ಟುಕೊಂಡು ಕೇಳಿದ್ದಕ್ಕೆ ಹುಡುಗಿ ಉಳಿದಳು. ನಿಕ್‌ನ ಕಣ್ಣು ಹೇಳಿದ್ದು ಸುಳ್ಳಲ್ಲ, ಮನ್ರೋ ಬ್ಲುಟ್‌ಬಾಡ್ ಹೌದು. ಆದರೆ ಒಬ್ಬ ಯಾವ ಕುಲದವನು ಅನ್ನೋದು, ಅವನು ಏನು ಮಾಡಿದ ಅನ್ನೋದಕ್ಕೆ ಉತ್ತರ ಅಲ್ಲ.

ಟ್ರೇಲರ್‌ನಲ್ಲಿರುವ ರಿಜಿಸ್ಟರ್

ಮುಂದಿನ ಕಂತುಗಳಲ್ಲಿ ಸರಣಿ ಈ ಪಾಠವನ್ನು ಆಗಾಗ ಮರೆಯುತ್ತೆ. ನಿಕ್‌ಗೆ ಅವನ ತಾಯಿಯ ಸಹೋದರಿ ಮೇರಿ ಒಂದು ಹಳೆ ಟ್ರೇಲರ್ ಬಿಟ್ಟು ಹೋಗಿರ್ತಾಳೆ. ತುಂಬ ಆಯುಧಗಳು, ಪೂರ್ವಜರು ಕೈಯಲ್ಲಿ ಬರೆದ ದಪ್ಪ ಪುಸ್ತಕಗಳು. ಪ್ರತಿ ವಾರ ಒಂದು ಕೊಲೆ, ಪ್ರತಿ ವಾರ ಆ ಪುಸ್ತಕ ತೆರೆಯೋದು. ಯಾವ ಜಾತಿಯ ವೆಸೆನ್, ಅದರ ಸ್ವಭಾವ ಏನು, ಕೊಲ್ಲೋದು ಹೇಗೆ, ಎಲ್ಲ ಚಿತ್ರ ಸಮೇತ ಇರುತ್ತೆ. ಅಭಿಮಾನಿಗಳಿಗೆ ಇದು ಅತಿ ಪ್ರಿಯವಾದ ಭಾಗ. ಆ ಪುಸ್ತಕಗಳಿಂದ ಒಂದೊಂದೇ ಜೀವಿ ಹೆಕ್ಕಿ ಪಟ್ಟಿ ಮಾಡಿದವರಲ್ಲಿ ನಾನೂ ಇದ್ದೆ.

ಆದರೆ ಆ ಪುಸ್ತಕ ಬರೆದವರು ಯಾರು? ವೆಸೆನ್‌ಗಳ ತಲೆ ಕಡಿದವರು. ಒಬ್ಬ ವೆಸೆನ್ ಬರೆದ ಸಾಲೂ ಅದರಲ್ಲಿಲ್ಲ.

ಹುಟ್ಟಿನಿಂದಲೇ ಅಪರಾಧಿ ಎಂದು ನಮೂದಿಸುವ ರಿಜಿಸ್ಟರ್ ನಮಗೆ ಹೊಸದಲ್ಲ. ಬ್ರಿಟಿಷರ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನೇ ಅಪರಾಧಿ ಬುಡಕಟ್ಟು ಅಂತ ಘೋಷಿಸಿತ್ತು. ಹೆಸರು ನೋಂದಾಯಿಸಬೇಕು, ಪೊಲೀಸರ ಮುಂದೆ ಹಾಜರಿ ಹಾಕಬೇಕು, ಅನುಮತಿ ಇಲ್ಲದೆ ಊರು ಬಿಡಬಾರದು. ಹುಬ್ಬಳ್ಳಿ, ಗದಗದಲ್ಲಿ 'ಸೆಟ್ಲ್‌ಮೆಂಟ್' ಅಂತ ಕರೆಯುವ ಜಾಗಗಳು ಈ ಕಾಯ್ದೆಯ ಗುರುತು. 1952ರ ಆಗಸ್ಟ್ 31ಕ್ಕೆ ಕಾಯ್ದೆ ಹೋಯ್ತು, ಕಣ್ಣು ಹೋಗಲಿಲ್ಲ. ಜೈಲುಗಳಲ್ಲಿನ ಜಾತಿ ತಾರತಮ್ಯದ ಬಗ್ಗೆ 2024ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ವಿಮುಕ್ತ ಸಮುದಾಯಗಳನ್ನು ರೂಢಿಗತ ಅಪರಾಧಿಗಳಂತೆ ನೋಡುವ ಜೈಲು ನಿಯಮಗಳನ್ನೂ ತಳ್ಳಿಹಾಕಬೇಕಾಯ್ತು. ನಮ್ಮ ಟ್ರೇಲರ್‌ನ ಪುಸ್ತಕ ಅಷ್ಟು ದಿನ ತೆರೆದೇ ಇತ್ತು.

ಇಲ್ಲಿ ಒಂದು ಎಚ್ಚರ ಬೇಕು. ಈ ಹೋಲಿಕೆಯನ್ನು ಪೂರ್ತಿ ಎಳೆದರೆ ತಪ್ಪಾಗುತ್ತೆ. ಸರಣಿಯಲ್ಲಿ ಕೆಲವು ವೆಸೆನ್‌ಗಳಿಗೆ ಮನುಷ್ಯರನ್ನು ಬೇಟೆಯಾಡುವ ಸಹಜ ಪ್ರವೃತ್ತಿ ನಿಜಕ್ಕೂ ಇದೆ. ನಿಜ ಬದುಕಿನಲ್ಲಿ ಯಾವ ಸಮುದಾಯಕ್ಕೂ ಅಂಥದ್ದು ಇಲ್ಲ. ದಮನಿತರ ಕತೆ ಹೇಳೋಕೆ ರಾಕ್ಷಸರನ್ನು ರೂಪಕ ಮಾಡಿಕೊಂಡಾಗಲೆಲ್ಲ, ಅವರನ್ನು ಕಂಡು ಹೆದರೋದರಲ್ಲಿ ತಪ್ಪೇನಿಲ್ಲ ಅನ್ನೋ ಅರ್ಥವೂ ಸದ್ದಿಲ್ಲದೆ ಒಳಗೆ ಬಂದುಬಿಡುತ್ತೆ. 'ಗ್ರಿಮ್' ಈ ಬಲೆಯಿಂದ ಪೂರ್ತಿ ತಪ್ಪಿಸಿಕೊಂಡಿಲ್ಲ. ಅದನ್ನು ಕಾಪಾಡೋದು ಮನ್ರೋ ಮತ್ತು ಸಾಂಬಾರ-ಮೂಲಿಕೆ ಅಂಗಡಿಯ ರೋಸಲಿ. ಅವರು ನಿಕ್‌ನ ಪಕ್ಕ ಕೂತು ಅವೇ ಪುಸ್ತಕಗಳನ್ನು ಓದೋಕೆ ಶುರು ಮಾಡಿದ ಮೇಲೆ, ಪಟ್ಟಿಯಲ್ಲಿದ್ದವರಿಗೂ ಪಟ್ಟಿಯ ಬಗ್ಗೆ ಮಾತಾಡುವ ಅವಕಾಶ ಸಿಗುತ್ತೆ.

ಅವರ ಅಜ್ಜಿಕತೆಯ ರಾಕ್ಷಸ ಯಾರು?

ಸರಣಿಯ ಒಂದು ಸೂಕ್ಷ್ಮ ನನಗೆ ತುಂಬ ಇಷ್ಟ. ವೆಸೆನ್ ಮುಖ ಬದಲಾದಾಗ ಗ್ರಿಮ್ ಅವರನ್ನು ನೋಡ್ತಾನೆ, ಸರಿ. ಅದೇ ಕ್ಷಣ ಅವರೂ ಅವನನ್ನು ನೋಡ್ತಾರೆ. ಅವನ ಕಣ್ಣು ತಳವಿಲ್ಲದ ಕಪ್ಪಾಗಿ ಕಾಣುತ್ತೆ. ನಿಕ್‌ನ ಮನೆಗೆ ಫ್ರಿಜ್ ರಿಪೇರಿಗೆ ಬರುವ ಬಡ್ ಎಂಬ ಪಾಪದ ಐಸ್‌ಬೀಬರ್, ಎದುರಿಗಿರೋದು ಗ್ರಿಮ್ ಅಂತ ಗೊತ್ತಾದ ಕೂಡಲೇ ಜೀವ ಹೋದವನಂತೆ ಆಗ್ತಾನೆ. ವೆಸೆನ್ ಮಕ್ಕಳನ್ನು ಹೆದರಿಸೋಕೆ ಹೇಳುವ ಕತೆಗಳಲ್ಲಿ ಗುಮ್ಮ ಅಂದರೆ ಗ್ರಿಮ್.

ಹಾಗಾಗಿ ಅಡಗಿರೋದು ಅಂದರೆ ತಪ್ಪು ಮಾಡಿದ್ದಕ್ಕೆ ಅಡಗಿರೋದು ಅಂತಲ್ಲ. ಅಡಗಿದರಷ್ಟೇ ಬದುಕು. ಅವರದೇ ಆಡಳಿತವಾದ ವೆಸೆನ್ ಕೌನ್ಸಿಲ್ ಕೂಡ, ಮನುಷ್ಯರಿಗೆ ಗುಟ್ಟು ಬಿಟ್ಟುಕೊಟ್ಟವರಿಗೆ ಮರಣದಂಡನೆಯವರೆಗೂ ಹೋಗುತ್ತೆ. ಆಚೆ ಗ್ರಿಮ್‌ನ ಕತ್ತಿ, ಈಚೆ ತಮ್ಮವರದೇ ಕಟ್ಟಪ್ಪಣೆ. ತೋಳ ಕುಲದ ಮನ್ರೋ ನರಿ ಕುಲದ ರೋಸಲಿಯನ್ನು ಮದುವೆಯಾಗ್ತೀನಿ ಅಂದಾಗ ಅವನ ಅಪ್ಪ-ಅಮ್ಮನೇ ಕೆರಳ್ತಾರೆ. ನಾಲ್ಕನೇ ಸೀಸನ್‌ನಲ್ಲಿ 'ವೆಸೆನ್‌ರೈನ್' ಎಂಬ ಕುಲಶುದ್ಧಿಯ ಗುಂಪು ಆ ದಂಪತಿಯ ಮನೆಯಂಗಳದಲ್ಲಿ ತನ್ನ ಚಿಹ್ನೆಗೆ ಬೆಂಕಿ ಹಚ್ಚಿ ಬೆದರಿಸುತ್ತೆ, ಮನ್ರೋನನ್ನು ಎತ್ತಿಕೊಂಡು ಹೋಗಿ ಸುಳ್ಳು ವಿಚಾರಣೆ ನಡೆಸುತ್ತೆ. ಅಂತರ್ಜಾತಿ ಮದುವೆಯ ಸುದ್ದಿಗಳನ್ನು ದಿನಾ ಓದುವ ನಮಗೆ ಇದನ್ನು ಬಿಡಿಸಿ ಹೇಳಬೇಕಾ?

ಅಭಿಮಾನಿಗಳ ಜಗಳದಲ್ಲಿ ಪದೇ ಪದೇ ಬರೋ ಇನ್ನೊಂದು ಹೆಸರು ಸಾರ್ಜೆಂಟ್ ವೂ. ಫಿಲಿಪೈನ್ಸ್ ಮೂಲದ ಆತ, ಬಾಲ್ಯದಲ್ಲಿ ಅಜ್ಜಿ ಹೇಳಿದ ಕತೆಯ 'ಅಸ್ವಾಂಗ್' ಎಂಬ ಭೀಕರ ಜೀವಿಯನ್ನು ಮೂರನೇ ಸೀಸನ್‌ನಲ್ಲಿ ಕಣ್ಣಾರೆ ಕಾಣ್ತಾನೆ. ಕಂಡದ್ದು ನಿಜ ಅಂತ ನಿಕ್‌ಗೂ ಗೊತ್ತು, ಹ್ಯಾಂಕ್‌ಗೂ ಗೊತ್ತು. ಇಬ್ಬರೂ ಬಾಯಿ ಬಿಡಲ್ಲ. ವೂ ತನಗೇ ಹುಚ್ಚು ಹಿಡಿದಿದೆ ಅಂತ ಮಾನಸಿಕ ಆಸ್ಪತ್ರೆ ಸೇರ್ತಾನೆ. ಅವನ ಒಳ್ಳೇದಕ್ಕೇ ಮುಚ್ಚಿಟ್ಟರು ಅಂತ ಒಂದು ಪಕ್ಷ ವಾದಿಸುತ್ತೆ. ನಾನು ಇನ್ನೊಂದು ಪಕ್ಷ. ನಿಕ್ ಕೊಂದ ಅದೆಷ್ಟೋ ವೆಸೆನ್‌ಗಳು ಯಾವ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಲಿಲ್ಲ. ಒಬ್ಬನಿಗೆ ಮಾತ್ರ ಕಾಣುವ ಸತ್ಯವನ್ನು ಯಾವ ಜಡ್ಜ್ ಪರಿಶೀಲಿಸಬೇಕು, ಯಾವ ವಕೀಲ ಪಾಟೀಸವಾಲು ಹಾಕಬೇಕು? ಗುಟ್ಟಿನ ಮೇಲೆ ನಡೆಯುವ ಪೊಲೀಸ್ ಕೆಲಸ ಕೊನೆಗೆ ಜೊತೆಗಾರನನ್ನೂ ಬಿಡಲ್ಲ ಅನ್ನೋದಕ್ಕೆ ವೂ ಸಾಕ್ಷಿ.

ನಿಜವಾದ ಪೋರ್ಟ್‌ಲ್ಯಾಂಡ್, ನಿಜವಾದ ಗ್ರಿಮ್

ಸರಣಿಯ ಆಚೆಗಿನ ಪೋರ್ಟ್‌ಲ್ಯಾಂಡ್‌ಗೂ ಮುಖ ನೋಡಿ ಒಳಗೆ ಬಿಡುವ ಚರಿತ್ರೆ ಇದೆ. 1859ರಲ್ಲಿ ಒರೆಗಾನ್ ರಾಜ್ಯವಾಗಿ ಒಕ್ಕೂಟ ಸೇರಿದಾಗ, ಕಪ್ಪು ಜನ ಅಲ್ಲಿ ಬಂದು ನೆಲೆಸಬಾರದು ಅನ್ನೋ ಮಾತು ಅದರ ಸಂವಿಧಾನದಲ್ಲೇ ಇತ್ತು. ಅದನ್ನು ತೆಗೆದದ್ದು 1926ರಲ್ಲಿ. ಇದೇ ನಗರ 2020ರಲ್ಲಿ, ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರ ತಿಂಗಳುಗಟ್ಟಲೆ ಬೀದಿಗಿಳಿಯಿತು. ಆ ಸೆಪ್ಟೆಂಬರ್‌ನಲ್ಲಿ ನಗರಸಭೆ, ಮುಖ ಗುರುತಿಸುವ ತಂತ್ರಜ್ಞಾನವನ್ನು ನಗರದ ಇಲಾಖೆಗಳು ಬಳಸದಂತೆ, ಅಂಗಡಿ-ಹೋಟೆಲ್‌ನಂಥ ಸಾರ್ವಜನಿಕ ಜಾಗಗಳಲ್ಲಿ ಖಾಸಗಿಯವರೂ ಬಳಸದಂತೆ ನಿಷೇಧಿಸಿತು. ಟಿವಿಯಲ್ಲಿ ಮುಖ ಓದುವ ಪೊಲೀಸ್‌ನನ್ನು ಕೊಟ್ಟ ಊರು, ನಿಜದಲ್ಲಿ ಆ ಕಣ್ಣು ನಮಗೆ ಬೇಡ ಅಂತು.

ಕ್ಯಾಮೆರಾ ಮತ್ತು ಗ್ರಿಮ್ ಒಂದೇ ಅಲ್ಲ, ನಿಜ. ಕ್ಯಾಮೆರಾ ಇವನು ಯಾರು ಅಂತ ಹೇಳುತ್ತೆ, ಗ್ರಿಮ್ ಇವನು ಎಂಥವನು ಅಂತ ಹೇಳ್ತಾನೆ. ಆದರೆ ಎರಡರ ಹಿಂದಿರುವ ಆತ್ಮವಿಶ್ವಾಸ ಒಂದೇ: ಮುಖ ಸಿಕ್ಕರೆ ಕೇಸ್ ಮುಗೀತು. 2020ರ ಜನವರಿಯಲ್ಲಿ ಡೆಟ್ರಾಯಿಟ್ ಪೊಲೀಸರು ರಾಬರ್ಟ್ ವಿಲಿಯಮ್ಸ್ ಎಂಬ ಕಪ್ಪು ವ್ಯಕ್ತಿಯನ್ನು ಕಂಪ್ಯೂಟರ್ ಕೊಟ್ಟ ತಪ್ಪು ಹೋಲಿಕೆ ನಂಬಿ ಬಂಧಿಸಿದ್ದರು. ಅವರು ಇನ್ನೊಬ್ಬ ಮನ್ರೋ. ನಮ್ಮಲ್ಲಿ, 80 ಶೇಕಡಾಕ್ಕಿಂತ ಮೇಲಿನ ಹೋಲಿಕೆಯನ್ನು ಖಚಿತ ಗುರುತು ಅಂತ ಪರಿಗಣಿಸ್ತೀವಿ ಎಂದು ದಿಲ್ಲಿ ಪೊಲೀಸರೇ 2022ರಲ್ಲಿ ಮಾಹಿತಿ ಹಕ್ಕಿನಡಿ ಉತ್ತರಿಸಿದ್ದರು. ಬೆಂಗಳೂರಿನ ಸೇಫ್ ಸಿಟಿ ಯೋಜನೆಯಲ್ಲೂ ಮುಖ ಗುರುತಿಸುವ ಕ್ಯಾಮೆರಾಗಳು ಬಂದಿವೆ. ಪೋರ್ಟ್‌ಲ್ಯಾಂಡ್‌ನಲ್ಲಿ ಚರ್ಚೆಯಾಗಿ ನಿಷೇಧ ಆಯ್ತು. ನಮ್ಮಲ್ಲಿ ಕ್ಯಾಮೆರಾ ಮೊದಲು ಬಂತು, ಚರ್ಚೆ ಇನ್ನೂ ದಾರಿಯಲ್ಲಿದೆ.

ಇನ್ನು ನಿಜವಾದ ಗ್ರಿಮ್ ಸಹೋದರರು. ಸರಣಿಯಲ್ಲಿ ಗ್ರಿಮ್‌ಗಳು ರಾಜಮನೆತನಗಳಿಗೆ ದುಡಿದ ಬೇಟೆಗಾರರ ವಂಶ. ಚರಿತ್ರೆಯಲ್ಲಿ ಯಾಕೋಬ್ ಮತ್ತು ವಿಲ್ಹೆಲ್ಮ್ ಗ್ರಿಮ್, 1812ರಲ್ಲಿ ಜನಪದ ಕತೆಗಳ ಮೊದಲ ಸಂಪುಟ ತಂದವರು. 1837ರಲ್ಲಿ ಹ್ಯಾನೋವರ್‌ನ ರಾಜ ಸಂವಿಧಾನವನ್ನು ರದ್ದು ಮಾಡಿದಾಗ ಪ್ರತಿಭಟಿಸಿದ ಗೋಟಿಂಗನ್ ವಿಶ್ವವಿದ್ಯಾಲಯದ ಏಳು ಪ್ರಾಧ್ಯಾಪಕರಲ್ಲಿ ಇವರಿಬ್ಬರೂ ಇದ್ದರು. ಏಳೂ ಜನರ ಕೆಲಸ ಹೋಯ್ತು, ಯಾಕೋಬ್‌ನನ್ನು ರಾಜ್ಯದಿಂದಲೇ ಓಡಿಸಿದರು. ರಾಜನಿಗಿಂತ ಸಂವಿಧಾನ ದೊಡ್ಡದು ಅಂದ ಆ ಗ್ರಿಮ್‌ಗಳ ಬಗ್ಗೆ ಒಂದು ಸರಣಿ ಬಂದರೆ ನಾನು ಅದನ್ನೂ ನೋಡ್ತೀನಿ.

ಅಲ್ಲಿವರೆಗೆ ನನ್ನ ಮನಸ್ಸಲ್ಲಿ ಉಳಿಯೋದು ಮೂರನೇ ಸೀಸನ್‌ನ ಕೊನೆ, ಮನ್ರೋ-ರೋಸಲಿ ಮದುವೆ. ತುಂಬಾ ಅತಿಥಿಗಳು ವೆಸೆನ್. ವರನ ಆಪ್ತ ಗೆಳೆಯನಾಗಿ ನಿಲ್ಲಬೇಕಾದವನು ಗ್ರಿಮ್. ಅವನ ಕಣ್ಣು ಕಂಡರೆ ಮಂಟಪವೇ ಖಾಲಿಯಾಗುತ್ತೆ. ಅದಕ್ಕೆ ನಿಕ್ ಕಪ್ಪು ಕನ್ನಡಕ ಹಾಕಿಕೊಂಡು ಬರ್ತಾನೆ. ಮೊದಲ ಕಂತಿನಲ್ಲಿ ಮುಖ ನೋಡಿದ್ದೇ ಹಾರಿ ಬಿದ್ದವನು, ಈಗ ಅದೇ ಗೆಳೆಯನ ಮದುವೆಯಲ್ಲಿ, ತನ್ನ ನೋಟಕ್ಕೆ ಜನ ಹೆದರ್ತಾರೆ ಅನ್ನೋದನ್ನು ಒಪ್ಪಿಕೊಂಡು ನಿಂತಿದ್ದಾನೆ. ಆ ಕನ್ನಡಕ ಹಾಕಿಕೊಳ್ಳಿ ಅಂತ ಕ್ಯಾಮೆರಾಗೆ ಹೇಳೋಕಾಗಲ್ಲ. ಕ್ಯಾಮೆರಾ ಹಿಡಿದವರಿಗೆ ಹೇಳಬಹುದು.