ಊರೇ ಮತ ಹಾಕಿ ಕಟ್ಟಿದ ಗ್ರಂಥಾಲಯ

ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ದಕ್ಷಿಣ ಭಾಗದಲ್ಲಿ, ಕಾಂಟುಕುಕ್ ನದಿಯ ದಂಡೆಯ ಮೇಲೆ ಪೀಟರ್‌ಬರೊ ಎಂಬ ಊರಿದೆ. ಬಾಸ್ಟನ್ ನಗರದಿಂದ ನೂರು ಕಿ.ಮೀ.ಗೆ ತುಸು ಹೆಚ್ಚು ದೂರ. ಪಕ್ಕದಲ್ಲೇ ಮೊನಾಡ್ನಾಕ್ ಬೆಟ್ಟ. 2020ರ ಜನಗಣತಿಯಲ್ಲೂ ಇಲ್ಲಿನ ಜನಸಂಖ್ಯೆ ಆರೂವರೆ ಸಾವಿರ ಮುಟ್ಟಿಲ್ಲ. ಇಷ್ಟು ಚಿಕ್ಕ ಊರಿನ ಹೆಸರು ಜಗತ್ತಿನ ಗ್ರಂಥಾಲಯ ಚರಿತ್ರೆಯ ಮೊದಲ ಪುಟಗಳಲ್ಲೇ ಬರುತ್ತದೆ. ಪುಸ್ತಕ ಓದಲು ದುಡ್ಡು ಕೊಡಬೇಕಿಲ್ಲ, ಅದರ ಖರ್ಚನ್ನು ಊರಿನ ಬೊಕ್ಕಸವೇ ಹೊರಬೇಕು ಎಂದು ಈ ಊರಿನವರು 1833ರಲ್ಲೇ ತೀರ್ಮಾನಿಸಿದ್ದರು.

ಅದಕ್ಕೆ ಮೊದಲು ಅಮೆರಿಕದಲ್ಲಿ ಗ್ರಂಥಾಲಯಗಳು ಇರಲಿಲ್ಲವೆಂದಲ್ಲ. ಬೆಂಜಮಿನ್ ಫ್ರಾಂಕ್ಲಿನ್ 1731ರಲ್ಲೇ ಫಿಲಡೆಲ್ಫಿಯಾದಲ್ಲಿ ಗೆಳೆಯರೊಡನೆ ಸೇರಿ ಒಂದನ್ನು ತೆರೆದಿದ್ದರು. ಆದರೆ ಅದು ಚಂದಾದಾರರ ಗ್ರಂಥಾಲಯ. ಷೇರು ಕೊಂಡವರು, ವರ್ಷವರ್ಷ ಚಂದಾ ಕಟ್ಟುವವರು ಅಲ್ಲಿನ ಸದಸ್ಯರು. ಪೀಟರ್‌ಬರೊದಲ್ಲೂ ಇಂಥ ಸಂಘಗಳೇ ಇದ್ದವು. ಉಳ್ಳವರಿಗೆ ಪುಸ್ತಕ ಸಿಗುತ್ತಿತ್ತು. ನದಿಯ ನೀರಿನ ಬಲದಿಂದ ನಡೆಯುತ್ತಿದ್ದ ಹತ್ತಿ ಗಿರಣಿಗಳ ಕೂಲಿಯವರಿಗೆ ಅದು ಕೈಗೆಟುಕುವ ಮಾತಾಗಿರಲಿಲ್ಲ.

ಈ ಊರಿಗೆ 1827ರಲ್ಲಿ ಪಾದ್ರಿಯಾಗಿ ಬಂದವರು ಅಬೀಲ್ ಆಬಟ್. ಹಾರ್ವರ್ಡ್‌ನಲ್ಲಿ ಓದಿದವರು. ಓದು ಎಲ್ಲರಿಗೂ ದಕ್ಕಬೇಕೆಂಬುದು ಅವರ ಹಂಬಲ. ಮಕ್ಕಳಿಗೆಂದೇ ಒಂದು ಪುಸ್ತಕ ಭಂಡಾರವನ್ನು ಕಟ್ಟಿದ್ದರು. ಊರಿನ ಗ್ರಂಥಾಲಯದ ಪ್ರಸ್ತಾವಕ್ಕೆ ಅವರು ಬೆನ್ನೆಲುಬಾಗಿ ನಿಂತಾಗ ವಯಸ್ಸು ಅರವತ್ತೈದು ದಾಟಿತ್ತು.

ಹಣ ಬಂದ ದಾರಿಯೂ ಸ್ವಾರಸ್ಯದ್ದು. ನ್ಯೂ ಹ್ಯಾಂಪ್‌ಷೈರ್ ಸರ್ಕಾರ 1821ರಲ್ಲಿ ಬ್ಯಾಂಕುಗಳ ಮೂಲ ಬಂಡವಾಳದ ಮೇಲೆ ಶೇ 0.5ರಷ್ಟು ತೆರಿಗೆ ಹಾಕಿ ‘ಸಾಹಿತ್ಯ ನಿಧಿ’ಯೊಂದನ್ನು ಸ್ಥಾಪಿಸಿತ್ತು. ಅದರಿಂದ ರಾಜ್ಯದ್ದೇ ಆದ ಒಂದು ಉನ್ನತ ವಿದ್ಯಾಸಂಸ್ಥೆ ಕಟ್ಟುವ ಆಲೋಚನೆಯಿತ್ತು. ಅದು ಕೈಗೂಡಲಿಲ್ಲ. ಹಾಗಾಗಿ 1828ರಲ್ಲಿ ಆ ಹಣವನ್ನು ಶಾಲೆಗಳಿಗೂ ಶಿಕ್ಷಣದ ಇತರ ಕೆಲಸಗಳಿಗೂ ಬಳಸಿಕೊಳ್ಳಿ ಎಂದು ಊರುಗಳಿಗೆ ಹಂಚಲಾಯಿತು. ಬೇರೆ ಊರುಗಳು ಸಾಮಾನ್ಯವಾಗಿ ಅದನ್ನು ಶಾಲೆಗಳಿಗೇ ಖರ್ಚು ಮಾಡಿದವು. ‘ಇತರ ಕೆಲಸ’ಗಳಲ್ಲಿ ಗ್ರಂಥಾಲಯವೂ ಸೇರಬಹುದೆಂದು ಕಂಡುಕೊಂಡದ್ದು ಪೀಟರ್‌ಬರೊ.

1833ರ ಏಪ್ರಿಲ್ 9ರಂದು ಊರಸಭೆ ಸೇರಿತು. ನ್ಯೂ ಹ್ಯಾಂಪ್‌ಷೈರ್ ಸೇರಿರುವ ನ್ಯೂ ಇಂಗ್ಲೆಂಡ್ ಪ್ರದೇಶದ ಊರಸಭೆ ಮೇಲ್ನೋಟಕ್ಕೆ ನಮ್ಮ ಗ್ರಾಮಸಭೆಯಂತೆಯೇ. ಆದರೆ ರಸ್ತೆಗೆ ಎಷ್ಟು, ಶಾಲೆಗೆ ಎಷ್ಟು ಎಂಬುದನ್ನು ಅಲ್ಲಿ ಜನರೇ ಕೂತು ಮತ ಹಾಕಿ ಗೊತ್ತುಮಾಡುತ್ತಾರೆ. ಸಾಹಿತ್ಯ ನಿಧಿಯಲ್ಲಿ ಊರಿಗೆ ಬಂದ ಪಾಲಿನಿಂದ ಒಂದಿಷ್ಟನ್ನು ಪುಸ್ತಕ ಕೊಳ್ಳಲು ತೆಗೆದಿಡಬೇಕು, ಆ ಪುಸ್ತಕಗಳು ಊರಿನ ಎಲ್ಲರಿಗೂ ಉಚಿತವಾಗಿ ಸಿಗಬೇಕು ಎಂದು ಅಂದಿನ ಸಭೆ ನಿರ್ಣಯಿಸಿತು. ಮತ ಹಾಕಿದವರು ಗಂಡಸರು ಮಾತ್ರ. ಹೆಣ್ಣುಮಕ್ಕಳಿಗೆ ಆ ಹಕ್ಕು ಇನ್ನೂ ಬಂದಿರಲಿಲ್ಲ. ಹಾಗಿದ್ದರೂ ಆ ಮತದಿಂದ ಬಂದ ಪುಸ್ತಕಗಳ ಮೇಲೆ ಊರಿನವರೆಲ್ಲರಿಗೂ ಹಕ್ಕು ದೊರೆಯಿತು.

ಗ್ರಂಥಾಲಯವೆಂದರೆ ಆಗ ದೊಡ್ಡ ಕಟ್ಟಡವೇನಲ್ಲ. ಅಂಚೆ ಕಚೇರಿಯೂ ಇದ್ದ ಒಂದು ದಿನಸಿ ಅಂಗಡಿಯಲ್ಲಿ ಪುಸ್ತಕಗಳನ್ನು ಜೋಡಿಸಿಟ್ಟರು. ಕಾಗದ ಬಂದಿದೆಯೇ ಎಂದು ವಿಚಾರಿಸಲು, ಉಪ್ಪು ಸಕ್ಕರೆ ಒಯ್ಯಲು ಊರಿನವರು ಹೇಗೂ ಬರುತ್ತಿದ್ದ ಜಾಗ ಅದು. ಚರಿತ್ರೆ, ಜೀವನಚರಿತ್ರೆ, ಧರ್ಮದ ಪುಸ್ತಕಗಳೇ ಹೆಚ್ಚಾಗಿದ್ದವು; ಕಾದಂಬರಿಗಳು ಬಲು ಕಡಿಮೆ.

ಸ್ವಂತ ಕಟ್ಟಡಕ್ಕೆ ಅರವತ್ತು ವರ್ಷ ಕಾಯಬೇಕಾಯಿತು. 1893ರಲ್ಲಿ ಎದ್ದ ಇಟ್ಟಿಗೆಯ ಕಟ್ಟಡದ ನಕ್ಷೆ ಬರೆದವರು ಜಾರ್ಜ್ ಷಾಟಕ್ ಮಾರಿಸನ್. ಈ ಊರಿನ ನಂಟಿದ್ದ ಅವರು ನಾಡಿನ ಹೆಸರಾಂತ ಸೇತುವೆ ಎಂಜಿನಿಯರ್. ಮೆಂಫಿಸ್‌ನಲ್ಲಿ ಮಿಸಿಸಿಪ್ಪಿ ನದಿಗೆ 1892ರಲ್ಲಿ ಕಟ್ಟಿದ ಮಹಾಸೇತುವೆ ಅವರದೇ. ಓದುಗರು ಹೆಚ್ಚಿದಂತೆ ಇಪ್ಪತ್ತನೆಯ ಶತಮಾನದಲ್ಲಿ ಕಟ್ಟಡ ಹಿಗ್ಗಿತು. ಈಚಿನ ವರ್ಷಗಳ ನವೀಕರಣದಲ್ಲಿ, ಆಮೇಲೆ ಸೇರಿಸಿದ್ದ ಭಾಗಗಳನ್ನು ತೆಗೆದು ಹೊಸದಾಗಿ ಕಟ್ಟಿದರೂ 1893ರ ಮೂಲ ಭಾಗವನ್ನು ಜೋಪಾನವಾಗಿ ಉಳಿಸಿಕೊಂಡಿದ್ದಾರೆ.

‘ತೆರಿಗೆ ಹಣದಿಂದ ನಡೆದ ಮೊದಲ ಉಚಿತ ಸಾರ್ವಜನಿಕ ಗ್ರಂಥಾಲಯ’ ಎಂಬ ಬಿರುದಿಗೆ ಬೇರೆ ಹಕ್ಕುದಾರರೂ ಇದ್ದಾರೆ. ಕನೆಕ್ಟಿಕಟ್ ರಾಜ್ಯದ ಸಾಲ್ಸ್‌ಬರಿ ಊರಿಗೆ ಕೇಲೆಬ್ ಬಿಂಗಮ್ ಎಂಬ ಪುಸ್ತಕ ವ್ಯಾಪಾರಿ 1803ರಲ್ಲಿ ಮಕ್ಕಳಿಗಾಗಿ 150 ಪುಸ್ತಕ ಕೊಟ್ಟಿದ್ದರು. 1810ರಲ್ಲಿ ಆ ಊರಿನ ಸಭೆ ಅದಕ್ಕೆ ಹಣ ಮಂಜೂರು ಮಾಡಿತು. ಅಲ್ಲಿ ಒಬ್ಬರ ದಾನ ಮೊದಲು ಬಂತು, ಊರಿನ ನೆರವು ಆಮೇಲೆ. ಪೀಟರ್‌ಬರೊದಲ್ಲಿ ಮೊದಲ ದಿನದಿಂದಲೇ ಗ್ರಂಥಾಲಯ ಊರಿನ ಸ್ವತ್ತು. ಅದರ ಹೆಚ್ಚುಗಾರಿಕೆ ಇರುವುದು ಇಲ್ಲೇ. ದಾನಿಯ ಮನಸ್ಸು ಬದಲಾಗಬಹುದು, ದಾನಿಯ ಕಾಲ ಮುಗಿಯಬಹುದು. ತೆರಿಗೆಯ ಆಸರೆ ಸಿಕ್ಕ ಗ್ರಂಥಾಲಯಕ್ಕೆ ಆ ಭಯವಿಲ್ಲ. ಅದನ್ನು ಪ್ರಶ್ನಿಸುವ, ತಿದ್ದುವ ಅಧಿಕಾರವೂ ಜನರಿಗೆ ತಾನಾಗಿ ಬರುತ್ತದೆ.

ಈ ತತ್ವ ಬೇಗ ಹರಡಿತು. ಗ್ರಂಥಾಲಯಕ್ಕಾಗಿ ತೆರಿಗೆ ಎತ್ತಲು ಊರುಗಳಿಗೆ ಅಧಿಕಾರ ಕೊಡುವ ಕಾಯ್ದೆಯನ್ನು ನ್ಯೂ ಹ್ಯಾಂಪ್‌ಷೈರ್ 1849ರಲ್ಲಿ ತಂದಿತು. ಮರುವರ್ಷ ಬ್ರಿಟನ್ನಿನಲ್ಲೂ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಅಮೆರಿಕದ ಗ್ರಂಥಾಲಯಗಳನ್ನು ಕಣ್ಣಾರೆ ಕಂಡು ಬಂದ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡ್, 1910ರಲ್ಲಿ ಅಲ್ಲಿಂದ ವಿಲಿಯಂ ಬೋರ್ಡನ್ ಎಂಬ ತಜ್ಞರನ್ನು ಕರೆಸಿ ತಮ್ಮ ಸಂಸ್ಥಾನದಲ್ಲಿ ಉಚಿತ ಗ್ರಂಥಾಲಯಗಳ ಜಾಲ ಹೆಣೆದರು. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರ ಶ್ರಮದ ಫಲವಾಗಿ 1948ರಲ್ಲಿ ಮದ್ರಾಸ್ ಪ್ರಾಂತ್ಯ ಗ್ರಂಥಾಲಯ ಕಾಯ್ದೆ ತಂದಿತು. ದಕ್ಷಿಣ ಕನ್ನಡ, ಬಳ್ಳಾರಿಗಳು ಆಗ ಆ ಪ್ರಾಂತ್ಯದಲ್ಲೇ ಇದ್ದವು. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು.

ಆ ಕಾಯ್ದೆಯ ಫಲವಾಗಿಯೇ ಕರ್ನಾಟಕದಲ್ಲಿ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಉಪಕರ ಇದೆ. ಮನೆ, ಅಂಗಡಿಗೆ ಕಂದಾಯ ಕಟ್ಟುವ ಪ್ರತಿಯೊಬ್ಬರೂ ಗ್ರಂಥಾಲಯಕ್ಕೆ ಹಣ ಕೊಡುತ್ತಲೇ ಇದ್ದಾರೆ. ಹಾಗೆ ವಸೂಲಾದ ಉಪಕರ ಸ್ಥಳೀಯ ಸಂಸ್ಥೆಗಳಿಂದ ಗ್ರಂಥಾಲಯ ಇಲಾಖೆಗೆ ಸಕಾಲಕ್ಕೆ ಪೂರ್ತಿ ಸಂದಾಯವಾಗದೆ ಬಾಕಿ ಬೀಳುತ್ತದೆ ಎಂಬ ದೂರು ಹಳೆಯದು. ಪೀಟರ್‌ಬರೊದ ಜನ ಊರಸಭೆಯಲ್ಲಿ ಕೂತು ತಮ್ಮ ಗ್ರಂಥಾಲಯದ ಲೆಕ್ಕ ತಾವೇ ನೋಡಿಕೊಂಡರು. ಮುಂದಿನ ಸಲ ಕಂದಾಯ ಕಟ್ಟಿದಾಗ ರಸೀದಿಯಲ್ಲಿ ಗ್ರಂಥಾಲಯ ಉಪಕರದ ಸಾಲನ್ನು ಗಮನಿಸಿ. ನಿಮ್ಮ ಊರಿನ ಗ್ರಂಥಾಲಯಕ್ಕೆ ಹೋಗಿ ಸದಸ್ಯರಾಗಿ. ಹೊಸ ಪುಸ್ತಕ ಬಂದಿಲ್ಲವೆಂದರೆ, ಬಾಗಿಲು ಹೊತ್ತಿಗೆ ಸರಿಯಾಗಿ ತೆರೆಯುತ್ತಿಲ್ಲವೆಂದರೆ ಕೇಳಿ. ಅದು ನಿಮ್ಮ ದುಡ್ಡಿನಿಂದ ನಡೆಯುವ ಗ್ರಂಥಾಲಯ.